ಹರ್ಷದ ಸಂಖ್ಯೆಗಳ ಗುರು ಕಾಪ್ರೇಕರ್

ಠಾಣೆಯಿಂದ ಹೊರಟ ಲೋಕಲ್ ಗಾಡಿಯು ಖಾಡಿಯ ಮೇಲಿನ ಸೇತುವೆಯನ್ನು ದಾಟಿದೊಡನೆ ನಮ್ಮ ಕಳವಾ ನಿಲ್ದಾಣವು ಬರುತ್ತದೆ. ಮುಂದೆ ಮುಂಬ್ರಾ, ದಿವಾ. ಅವುಗಳ ಆಚೆ ಡೊಂಬಿವಲಿ. ಇನ್ನೂ ಮುಂದೆ ಕಲ್ಯಾಣ. ಈ ದಾರಿಯಲ್ಲಿ ದಿನವೂ ಲಕ್ಷಾವಧಿ ಜನರು ಹೋಗಿಬರುತ್ತಾರೆ. ನಮ್ಮಲ್ಲಿ ಹಲವರ ತಂದೆ ತಾಯಿಗಳು ಇದೇ ಗಾಡಿಯಲ್ಲಿ ನಿಂತುಕೊಂಡೇ ಉದ್ಯೋಗಕ್ಕೆ ತೆರಳುವವರು. ಗಾಡಿ ತಡವಾಯಿತೆ, ಕುಳಿತುಕೊಳ್ಳಲು ಸ್ಥಳ ದೊರೆತೀತೆ ಎಂಬ ಚಿಂತೆಯೊಂದನ್ನುಳಿದು ಬೇರೆ ವಿಚಾರವು ಆ ಜನಸಂದಣಿಯಲ್ಲಿ ಯಾರಿಗೂ ಹೊಳೆಯುವುದು ಕಷ್ಟ. ಆದರೆ ಇದೇ ದಾರಿಯ ಡೊಂಬಿವಲಿ ನಿಲ್ದಾಣದಲ್ಲಿ ಒಬ್ಬ ತರುಣನಿಗೆ ಸಂಖ್ಯೆಗಳ ವಿಚಾರವು ಹೊಳೆಯಿತು. ಆ ನಿಲ್ದಾಣದ ಹೆಸರನ್ನೇ ಅವನು ತನ್ನ ಸಂಖ್ಯೆಗಳಿಗೆ ಇಟ್ಟನು. ಅಂದಿನ ಜಿ.ಐ.ಪಿ. ರೈಲ್ವೆಯ ಮೇಲೆ ಮುಂಬಯಿಯಿಂದ ಸುಮಾರು ೩೦ ಮೈಲುಗಳಾಚೆ ಇದ್ದ ಆ ನಿಲ್ದಾಣವನ್ನು ಆಗ ಡೆಮ್ಲೋ ಎಂದು ಕರೆಯುತ್ತಿದ್ದರು. ಆದುದರಿಂದ ಆ ಸಂಖ್ಯೆಗಳು ಡೆಮ್ಲೋ ಸಂಖ್ಯೆಗಳೆಂದು ಗಣಿತ ಪ್ರಪಂಚದಲ್ಲಿ ಹೆಸರಾದವು. ಆ ತರುಣನೇ ಮುಂದೆ ದೇವಳಾಲಿಯ ಶಾಲಾ ಮಾಸ್ತರರಾಗಿ ಬಾಳಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್.

ವಿದ್ಯಾರ್ಥಿ ಮಿತ್ರರೆ, ಅವರ ಜೀವನವನ್ನು ಹೇಳುವುದಕ್ಕೆ ಮೊದಲು ಅವರ ಸಂಖ್ಯೆಗಳಲ್ಲಿ ಒಂದನ್ನು ನಿಮ್ಮ ಮುಂದೆ ಬರೆದಿಡುತ್ತೇವೆ. ಈ ಲೇಖನದ ಕೊನೆಯವರೆಗೂ ಇದೇ ನಮಗೆ ದಾರಿ ತೋರಿಸಲಿ.

೧೨೩೪೫೬೭೮೯೮೭೬೫೪೩೨೧

ಇದರಲ್ಲಿ ೧೭ ಅಂಕಗಳಿವೆ. ಓದಬೇಕಾದರೆ ೧೨೩ ಕೋಟಿ ೪೫ ಲಕ್ಷ ೬೭ ಸಾವಿರದ ೮೯೮ ಕೋಟಿಗಳು, ಅದರ ಮೇಲೆ ೭೬ ಲಕ್ಷ ೫೪ ಸಾವಿರದ ೩೨೧ ಎಂದು ಕೋಟಿ ಎಂಬ ಮಾತನ್ನು ಎರಡು ಸಲ ಹೇಳಬೇಕಾಗುತ್ತದೆ. ಸೆಕೆಂಡಿಗೆ ಒಂದರಂತೆ ಹಗಲಿರುಳೂ ಬಿಡದೆ ಎಣಿಸುತ್ತ ಹೋದರೆ ಇಲ್ಲಿಗೆ ಬಂದು ಮುಟ್ಟಲು ಸುಮಾರು ೩೯ ಕೋಟಿ ವರ್ಷಗಳು ಬೇಕು. ಇಷ್ಟು ದೊಡ್ಡದಾದರೂ ಇದನ್ನು ಒಮ್ಮೆ ನೋಡಿದವರು ಮರೆಯುವಂತಿಲ್ಲ. ನಮ್ಮ ಭಾಷೆಯಲ್ಲಿ ವಿಕಟಕವಿ, ನವಜೀವನ ಎಂಬ ಮಾತುಗಳು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವಂತೆ, ಈ ಸಂಖ್ಯೆಯೂ ಎರಡು ಕಡೆಯಿಂದಲೂ ಒಂದೇ. ಒಂದರಿಂದ ಒಂಬತ್ತಕ್ಕೆ ಮೆಟ್ಟಿಲು ಹತ್ತಿ, ಅದೇ ಮೆಟ್ಟಿಲುಗಳಿಂದ ಕೆಳಗಿಳಿದಂತಿದೆ ಇದರ ರೂಪ. ಈ ರೂಪವು ಎಲ್ಲಿಂದ ಬಂತು, ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದೇ ಕಾಪ್ರೇಕರರ ಬಾಳಿನ ವ್ರತವಾಗಿತ್ತು.

ಕಾಪ್ರೇಕರರು ೧೯೦೫ನೆಯ ಇಸವಿ ಜನೇವರಿ ೧೭ರಂದು ಡಹಾಣುವಿನಲ್ಲಿ ಜನಿಸಿದರು. ಅರಬೀ ಸಮುದ್ರದ ದಂಡೆಯ ಮೇಲಿನ ಆ ಊರು ಆಗ ಠಾಣೆ ಜಿಲ್ಲೆಗೆ ಸೇರಿತ್ತು. ೨೦೧೪ರಲ್ಲಿ ಪಾಲ್ಘರ್ ಜಿಲ್ಲೆಯು ಬೇರೆಯಾದಾಗ ಅದು ಆ ಹೊಸ ಜಿಲ್ಲೆಗೆ ಹೋಯಿತು. ಬಾಲಕನು ಎಂಟು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡರು. ಮಗನನ್ನು ಸಾಕಿ ಸಲಹುವ ಭಾರವೆಲ್ಲವೂ ತಂದೆಯ ಮೇಲೆ ಬಿತ್ತು. ತಂದೆ ಕಾರಕೂನಿಯ ಉದ್ಯೋಗದವರು; ಜ್ಯೋತಿಷ್ಯದಲ್ಲಿ ಅವರಿಗೆ ಬಹಳ ಆಸಕ್ತಿ. ಜಾತಕವನ್ನು ಬರೆಯುವವರಿಗೆ ಲೆಕ್ಕದ ಅಭ್ಯಾಸವಿಲ್ಲದಿದ್ದರೆ ನಡೆಯದು. ಕೂಡುವುದು, ಕಳೆಯುವುದು, ಭಾಗಿಸುವುದು ಆ ಮನೆಯಲ್ಲಿ ನಿತ್ಯದ ಕೆಲಸವಾಗಿತ್ತು. ತಾಯಿಯಿಲ್ಲದ ಮನೆಯಲ್ಲಿ ತಂದೆಯ ಬಳಿ ಕುಳಿತ ಮಗನಿಗೆ ದೊರೆತ ಆಸ್ತಿಯೆಂದರೆ ಲೆಕ್ಕದ ಮೇಲಿನ ಪ್ರೀತಿಯೊಂದೇ. ಆ ಆಸ್ತಿಯನ್ನು ಅವರು ಎಂಬತ್ತು ವರ್ಷಗಳ ಬಾಳಿನಲ್ಲಿ ಒಮ್ಮೆಯೂ ಕಳೆದುಕೊಳ್ಳಲಿಲ್ಲ.

ಮಾಧ್ಯಮಿಕ ಶಿಕ್ಷಣಕ್ಕೆ ಅವರು ಬಂದುದು ನಮ್ಮ ನೆರೆಯ ಠಾಣೆಗೆ. ಅಲ್ಲಿ ಶಾಲೆಯ ಪಾಠಗಳ ಜೊತೆಗೆ ಗಣಿತದ ಸಮಸ್ಯೆಗಳನ್ನೂ ಒಗಟುಗಳನ್ನೂ ಬಿಡಿಸುವುದರಲ್ಲಿ ಅವರ ಎಷ್ಟೋ ಗಂಟೆಗಳು ಸುಖವಾಗಿ ಕಳೆಯುತ್ತಿದ್ದುವು. ೧೯೨೩ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ವಿದ್ಯಾರ್ಥಿಗಳಲ್ಲಿ ಸ್ವತಂತ್ರವಾದ ಗಣಿತ ಕಾರ್ಯವನ್ನು ಮಾಡಿದವರಿಗೆಂದು ಅಲ್ಲಿ ರ್‍ಯಾಂಗ್ಲರ್ ಪರಾಂಜಪೆಯವರ ಹೆಸರಿನ ಬಹುಮಾನವೊಂದಿತ್ತು. ೧೯೨೭ರಲ್ಲಿ ಅದು ಕಾಪ್ರೇಕರರಿಗೆ ದೊರೆಯಿತು. ೧೯೨೯ರಲ್ಲಿ ಬಿ.ಎಸ್‌ಸಿ. ಪದವಿಯನ್ನು ಪಡೆದರು. ಅದಕ್ಕಿಂತ ಮೇಲಿನ ಯಾವ ಪದವಿಯನ್ನೂ ಅವರು ಪಡೆಯಲಿಲ್ಲ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿ ನಿಂತರು. ೧೯೬೨ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಮಕ್ಕಳಿಗೆ ಗಣಿತವನ್ನು ಕಲಿಸಿದರು.

ಇನ್ನು ನಮ್ಮ ಸಂಖ್ಯೆಯ ಕಡೆಗೆ ಬರೋಣ. ಡೆಮ್ಲೋ ಸಂಖ್ಯೆ ಎಂದರೇನು? ಕಾಪ್ರೇಕರರು ಅದನ್ನು ಮೂರು ಭಾಗಗಳುಳ್ಳದ್ದೆಂದು ತಿಳಿದರು. ಎಡದ ಭಾಗದಲ್ಲಿಯೂ ಬಲದ ಭಾಗದಲ್ಲಿಯೂ ಅಂಕಗಳು ಅಷ್ಟಷ್ಟೇ ಇರಬೇಕು. ನಡುವೆ ಒಂದೇ ಅಂಕವು ಒಮ್ಮೆಯೋ ಹಲವು ಸಲವೋ ಬರಬೇಕು. ಎಡವನ್ನೂ ಬಲವನ್ನೂ ಕೂಡಿಸಿದರೆ ಆ ನಡುವಿನ ಅಂಕವೇ ಎಲ್ಲ ಸ್ಥಾನಗಳಲ್ಲಿಯೂ ತೋರಬೇಕು. ೨೫೫೩ ಎಂಬುದನ್ನು ತೆಗೆದುಕೊಳ್ಳಿರಿ. ಎಡಕ್ಕೆ ೨, ಬಲಕ್ಕೆ ೩, ಕೂಡಿಸಿದರೆ ೫. ನಡುವೆ ಇರುವುದೂ ೫. ಹಾಗೆಯೇ ೪೭೭೭೩೦ ಎಂಬುದರಲ್ಲಿ ೪೭ಕ್ಕೆ ೩೦ನ್ನು ಕೂಡಿಸಿದರೆ ೭೭, ನಡುವೆಯೂ ೭೭. ನಮ್ಮ ದೊಡ್ಡ ಸಂಖ್ಯೆಯನ್ನು ಹೀಗೆಯೇ ಒಡೆದು ನೋಡಿರಿ. ಎಡಕ್ಕೆ ೧೨೩೪೫೬೭೮, ನಡುವೆ ೯, ಬಲಕ್ಕೆ ೮೭೬೫೪೩೨೧. ಎಡವನ್ನೂ ಬಲವನ್ನೂ ಕೂಡಿಸಿದರೆ ೯೯೯೯೯೯೯೯ ಬರುತ್ತದೆ. ಎಂಟೂ ಸ್ಥಾನಗಳಲ್ಲಿ ನಡುವಿನ ಒಂಬತ್ತೇ ನಿಂತಿದೆ!

ಇಂತಹ ಏರಿಳಿತದ ಸಂಖ್ಯೆಗಳಿಗೆ ಕಾಪ್ರೇಕರರು ಅದ್ಭುತ ಡೆಮ್ಲೋ ಸಂಖ್ಯೆಗಳೆಂದು ಹೆಸರಿಟ್ಟು, ೧೯೩೮ರಲ್ಲಿ ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್ ಎಂಬ ಪತ್ರಿಕೆಯಲ್ಲಿ ಅವುಗಳ ವಿಷಯವಾಗಿ ಬರೆದರು. ಮರುವರ್ಷ ಕೆ. ಆರ್. ಗುಂಜೀಕರರ ಜೊತೆಗೂಡಿ ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅವುಗಳ ಸಿದ್ಧಾಂತವನ್ನು ಪ್ರಕಟಿಸಿದರು. ಆ ಸಂಖ್ಯೆಗಳು ಹುಟ್ಟುವ ಬಗೆ ಅತಿ ಸರಳವಾದುದು. ಬರಿಯ ಒಂದುಗಳನ್ನೇ ಬರೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರಾಯಿತು.

೧೧ × ೧೧ = ೧೨೧
೧೧೧ × ೧೧೧ = ೧೨೩೨೧
೧೧೧೧ × ೧೧೧೧ = ೧೨೩೪೩೨೧
೧೧೧೧೧ × ೧೧೧೧೧ = ೧೨೩೪೫೪೩೨೧

ಹೀಗೆಯೇ ಮುಂದುವರಿದು ಒಂಬತ್ತು ಒಂದುಗಳನ್ನು ಬರೆದು ವರ್ಗ ಮಾಡಿದರೆ ನಮ್ಮ ೧೨೩೪೫೬೭೮೯೮೭೬೫೪೩೨೧ ದೊರೆಯುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ೧೧೧ನ್ನು ೧೧೧ರಿಂದ ಗುಣಿಸುವಾಗ ನಾವು ಮಾಡುವುದೇನು? ೧೧೧ನ್ನು ಮೂರು ಸಾಲುಗಳಲ್ಲಿ ಬರೆಯುತ್ತೇವೆ. ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸುತ್ತೇವೆ. ಆಗ ಬಲಗಡೆಯ ಕೊನೆಯ ಸ್ಥಾನದಲ್ಲಿ ಒಂದೇ ಒಂದು ಬೀಳುತ್ತದೆ, ಅದರ ಪಕ್ಕದಲ್ಲಿ ಎರಡು ಒಂದುಗಳು, ನಡುವೆ ಮೂರು, ಮತ್ತೆ ಎರಡು, ಮತ್ತೆ ಒಂದು. ಕೂಡಿಸಿದರೆ ೧೨೩೨೧. ಮೆಟ್ಟಿಲುಗಳು ಕಟ್ಟಲ್ಪಡುವುದು ಹೀಗೆ. ಮೂರು ಸಾಲುಗಳಲ್ಲಿ ಮೂರು ಮೂರರಂತೆ ಒಟ್ಟು ಒಂಬತ್ತು ಒಂದುಗಳನ್ನು ಬರೆದುದರಿಂದ, ಉತ್ತರದ ಅಂಕಗಳ ಮೊತ್ತವೂ ಒಂಬತ್ತೇ ಆಗುತ್ತದೆ. ನಮ್ಮ ದೊಡ್ಡ ಸಂಖ್ಯೆಯಲ್ಲಿ ಒಂಬತ್ತು ಸಾಲುಗಳಲ್ಲಿ ಒಂಬತ್ತೊಂಬತ್ತು ಒಂದುಗಳು. ಅದರ ಅಂಕಗಳನ್ನೆಲ್ಲ ಕೂಡಿಸಿದರೆ ತಪ್ಪದೆ ೮೧ ಬರುತ್ತದೆ.

ಹಾಗಾದರೆ ಹತ್ತು ಒಂದುಗಳನ್ನು ಬರೆದರೆ ಏನಾಗುವುದು? ಅಂದವಾದ ನಿಯಮವೊಂದು ಕೈಗೆ ಸಿಕ್ಕೊಡನೆ ಅದು ಎಂದೆಂದಿಗೂ ನಡೆದೀತೆಂದು ನಂಬಿಬಿಡುವುದು ಮನುಷ್ಯ ಸ್ವಭಾವ. ಗಣಿತವು ಅದಕ್ಕೆ ಆಸ್ಪದ ಕೊಡುವುದಿಲ್ಲ. ಹತ್ತು ಒಂದುಗಳ ವರ್ಗವು ಹೀಗಿದೆ:

೧೨೩೪೫೬೭೯೦೦೯೮೭೬೫೪೩೨೧

ಮೆಟ್ಟಿಲು ನಡುವೆ ಕುಸಿದಿದೆ. ಬಲಗಡೆಯಲ್ಲಿ ೯ರವರೆಗೆ ಸರಿಯಾಗಿ ಏರಿದೆ; ನಡುವೆ ಎರಡು ಸೊನ್ನೆಗಳು ಬಂದಿವೆ; ಎಡಗಡೆಯಲ್ಲಿ ೭ರ ಪಕ್ಕದಲ್ಲಿ ೮ ಮಾಯವಾಗಿ ೯ ಕುಳಿತಿದೆ. ಕಾರಣವನ್ನು ಎರಡನೆಯ ಇಯತ್ತೆಯ ಮಕ್ಕಳೂ ಬಲ್ಲರು. ನಡುವಿನ ಸ್ಥಾನದಲ್ಲಿ ಹತ್ತು ಒಂದುಗಳು ಕೂಡಿದವು. ಹತ್ತನ್ನು ಒಂದೇ ಸ್ಥಾನದಲ್ಲಿ ಬರೆಯಲಾಗದು. ಸೊನ್ನೆಯನ್ನು ಬರೆದು ದಶಕ ಒಂದನ್ನು ಎಡಕ್ಕೆ ಒಯ್ಯಬೇಕು. ಎಡದಲ್ಲಿದ್ದ ಒಂಬತ್ತು ಆ ಒಂದರಿಂದ ಹತ್ತಾಯಿತು. ಅಲ್ಲಿಯೂ ಸೊನ್ನೆ, ಮತ್ತೆ ದಶಕ ಒಂದು. ಅದು ಎಂಟನ್ನು ಒಂಬತ್ತನ್ನಾಗಿ ಮಾಡಿ ಅಲ್ಲಿಗೆ ನಿಂತಿತು. ಪ್ರತಿ ದಶಕದಲ್ಲಿಯೂ ಹತ್ತು ಹೋಗಿ ಒಂದು ಬರುವುದರಿಂದ ಅಂಕಗಳ ಮೊತ್ತದಲ್ಲಿ ಒಂಬತ್ತು ಕಡಮೆಯಾಗುತ್ತದೆ. ಎರಡು ದಶಕಗಳಿಗೆ ಹದಿನೆಂಟು ಕಡಮೆಯಾಗಿ, ೧೦೦ ಇರಬೇಕಾದ ಮೊತ್ತವು ೮೨ಕ್ಕೆ ಇಳಿದಿದೆ. ಹೀಗೆ ನಿಯಮವು ಮುರಿದ ಸ್ಥಳದಲ್ಲಿಯೂ ನಿಯಮವುಂಟು. ಸುಂದರವಾದುದನ್ನು ಕಂಡು ಮೆಚ್ಚುವವರು ಹಲವರು. ಅದು ಎಲ್ಲಿ ಮುರಿಯುತ್ತದೆ, ಏಕೆ ಮುರಿಯುತ್ತದೆ ಎಂದು ನೋಡುವವರು ವಿರಳ. ಕಾಪ್ರೇಕರರು ಈ ವಿರಳರ ಗುಂಪಿಗೆ ಸೇರಿದವರು.

ಇಲ್ಲಿ ಕನ್ನಡಿಗರಾದ ನಾವು ಅಭಿಮಾನಪಡಬೇಕಾದ ಸಂಗತಿಯೊಂದುಂಟು. ಕವಿರಾಜಮಾರ್ಗದ ಸಂಬಂಧದಿಂದ ನಮಗೆ ಪರಿಚಿತನಾದ ನೃಪತುಂಗ ಚಕ್ರವರ್ತಿಯನ್ನು ನೀವು ಬಲ್ಲಿರಿ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಚಕ್ರವರ್ತಿಯ ಆಶ್ರಯದಲ್ಲಿ ಒಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಹಾವೀರಾಚಾರ್ಯನೆಂಬ ಜೈನ ಪಂಡಿತನು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದಮೇಲೆ ಹೊರಗಿನ ಜಗತ್ತಿಗೆ ಅದರ ಬೆಲೆ ತಿಳಿಯಿತು. ಆ ಗ್ರಂಥದ ಗುಣಾಕಾರದ ಉದಾಹರಣೆಗಳಲ್ಲಿ ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವಿದೆ. ಉತ್ತರವು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆಯಿದು. ಅಂದರೆ ಆರು ಒಂದುಗಳ ವರ್ಗ. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಉದಾಹರಣೆಯ ಅಂದದ ಹಿಂದಿನ ಯುಕ್ತಿ ಇದು. ಅದೇ ಗ್ರಂಥದಲ್ಲಿ ೧೨೩೪೫೬೭೯ನ್ನು ೯ರಿಂದ ಗುಣಿಸಿ ಒಂಬತ್ತು ಒಂದುಗಳನ್ನು ಪಡೆಯುವ ಲೆಕ್ಕವೂ ಇದೆ. ಇಂತಹ ಉತ್ತರಗಳನ್ನು ಆಚಾರ್ಯನು ಕೊರಳಿನ ಹಾರಕ್ಕೆ ಹೋಲಿಸಿದ್ದಾನೆ. ಮಳಖೇಡದ ಆಚಾರ್ಯನಿಗೂ ಡೆಮ್ಲೋ ನಿಲ್ದಾಣದ ತರುಣನಿಗೂ ನಡುವೆ ಸಾವಿರಕ್ಕೂ ಮಿಕ್ಕಿದ ವರ್ಷಗಳ ಅಂತರ. ಇಬ್ಬರ ಕಣ್ಣಿಗೂ ಕಂಡುದು ಅದೇ ಹಾರ. ಒಬ್ಬನು ನಮ್ಮ ಭಾಷೆಯ ನಾಡಿನವನು. ಇನ್ನೊಬ್ಬರು ನಾವು ಬಾಳುತ್ತಿರುವ ನಾಡಿನವರು. ಸಂಖ್ಯೆಗಳಿಗೆ ಗಡಿಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ದೇವಳಾಲಿಯಲ್ಲಿ ಕಾಪ್ರೇಕರರ ದಿನಗಳು ಪಾಠ ಮತ್ತು ಲೆಕ್ಕ ಈ ಎರಡರಲ್ಲಿಯೇ ಸಾಗುತ್ತಿದ್ದುವು. ಅವರು ಒಳ್ಳೆಯ ಶಿಕ್ಷಕರು. ಸಂಖ್ಯೆಗಳ ಮೇಲೆ ತಮಗಿದ್ದ ಮೋಹವನ್ನೇ ಮಕ್ಕಳಿಗೂ ಅಂಟಿಸಿದರು. ಸುತ್ತಲಿನ ಕಾಲೇಜುಗಳಿಂದಲೂ ಅವರಿಗೆ ವ್ಯಾಖ್ಯಾನಕ್ಕೆ ಆಮಂತ್ರಣಗಳು ಬರುತ್ತಿದ್ದುವು. ೧೯೪೬ರಲ್ಲಿ ಅವರು ಕಂಡುಹಿಡಿದು, ೧೯೪೯ರಲ್ಲಿ ಮದರಾಸಿನ ಗಣಿತ ಸಮ್ಮೇಲನದಲ್ಲಿ ತಿಳಿಸಿದ ೬೧೭೪ ಎಂಬ ಸಂಖ್ಯೆಯು ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಾಲ್ಕು ಅಂಕಗಳ ಯಾವುದೇ ಸಂಖ್ಯೆಯನ್ನು ತೆಗೆದುಕೊಳ್ಳಿರಿ. ನಾಲ್ಕೂ ಒಂದೇ ಅಂಕವಾಗಿರಬಾರದು, ಅಷ್ಟೆ. ಅಂಕಗಳನ್ನು ಇಳಿಯುವ ಕ್ರಮದಲ್ಲಿ ಬರೆದು, ಏರುವ ಕ್ರಮದಲ್ಲಿ ಬರೆದುದನ್ನು ಅದರಿಂದ ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿರಿ. ೩೫೨೪ರಿಂದ ಹೊರಟರೆ, ೫೪೩೨ರಲ್ಲಿ ೨೩೪೫ ಕಳೆದು ೩೦೮೭. ೮೭೩೦ರಲ್ಲಿ ೦೩೭೮ ಕಳೆದು ೮೩೫೨. ೮೫೩೨ರಲ್ಲಿ ೨೩೫೮ ಕಳೆದು ೬೧೭೪. ಇನ್ನು ಎಷ್ಟು ಸಲ ಮಾಡಿದರೂ ೬೧೭೪ ಬಿಟ್ಟು ಬೇರೆ ಬರದು. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳ ಒಳಗೆ ಇಲ್ಲಿಗೇ ಬಂದು ಸೇರುತ್ತೇವೆ.

೧೯೫೫ರಲ್ಲಿ ಅವರು ಇನ್ನೊಂದು ಬಗೆಯ ಸಂಖ್ಯೆಗಳಿಗೆ ಹರ್ಷದ ಎಂಬ ಸಂಸ್ಕೃತದ ಹೆಸರನ್ನಿಟ್ಟರು. ಹರ್ಷವನ್ನು ಕೊಡುವುದು ಎಂದು ಅದರ ಅರ್ಥ. ತನ್ನ ಅಂಕಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಯೇ ಹರ್ಷದ ಸಂಖ್ಯೆ. ೧೮ರಲ್ಲಿ ಅಂಕಗಳ ಮೊತ್ತ ೯, ಒಂಬತ್ತೆರಡ್ಲಿ ಹದಿನೆಂಟು. ಮೇಲಿನ ೬೧೭೪ ಕೂಡ ಹರ್ಷದವೇ. ಅದರ ಅಂಕಗಳ ಮೊತ್ತ ೧೮, ಭಾಗಿಸಿದರೆ ೩೪೩. ಹಾಗಾದರೆ ನಮ್ಮ ಹದಿನೇಳು ಅಂಕಗಳ ಸಂಖ್ಯೆಯು? ಅಂಕಗಳ ಮೊತ್ತವು ೮೧ ಎಂದು ಆಗಲೇ ಕಂಡೆವು. ೮೧ರಿಂದ ಭಾಗಿಸಿ ನೋಡಿದರೆ ಶೇಷವಿಲ್ಲದೆ ೧೫೨೪೧೫೭೮೯೯೭೧೦೪೧ ಬರುತ್ತದೆ. ಆ ಉತ್ತರವಾದರೂ ಸಾಮಾನ್ಯವಾದುದಲ್ಲ; ಮಹಾವೀರಾಚಾರ್ಯನು ಒಂಬತ್ತರಿಂದ ಗುಣಿಸಿದ ಆ ೧೨೩೪೫೬೭೯ರ ವರ್ಗವೇ ಅದು. ಏರಿಳಿಯುವ ಒಂಬತ್ತು ಸಂಖ್ಯೆಗಳಲ್ಲಿ ಎಲ್ಲಕ್ಕೂ ಈ ಭಾಗ್ಯವಿಲ್ಲ. ಮೊದಲನೆಯದಾದ ೧, ಮೂರನೆಯದಾದ ೧೨೩೨೧, ಒಂಬತ್ತನೆಯದಾದ ನಮ್ಮ ಸಂಖ್ಯೆ ಇವು ಮೂರೇ ಹರ್ಷದಗಳು.

ಕಾಪ್ರೇಕರ್ ಸಂಖ್ಯೆಗಳೆಂದೇ ಹೆಸರಾದವು ಮತ್ತೊಂದು ಬಗೆಯವು. ೪೫ರ ವರ್ಗ ೨೦೨೫. ಅದನ್ನು ನಡುವೆ ಒಡೆದು ೨೦ನ್ನೂ ೨೫ನ್ನೂ ಕೂಡಿಸಿದರೆ ಮತ್ತೆ ೪೫. ೨೯೭ರ ವರ್ಗ ೮೮೨೦೯. ೮೮ನ್ನೂ ೨೦೯ನ್ನೂ ಕೂಡಿಸಿದರೆ ಮತ್ತೆ ೨೯೭. ಈಗ ನಮ್ಮ ದೊಡ್ಡ ಸಂಖ್ಯೆಯನ್ನು ೮೧ರಿಂದ ಭಾಗಿಸುವ ಬದಲು ೮೧ರಿಂದ ಗುಣಿಸಿರಿ. ೯೯೯೯೯೯೯೯೮೦೦೦೦೦೦೦೦೧ ದೊರೆಯುತ್ತದೆ. ಇದು ಒಂಬತ್ತು ಒಂಬತ್ತುಗಳ ವರ್ಗ. ಇದನ್ನು ನಡುವೆ ಒಡೆದು ಕೂಡಿಸಿರಿ. ಅದೇ ಒಂಬತ್ತು ಒಂಬತ್ತುಗಳು ಎದುರಿಗೆ ನಿಲ್ಲುತ್ತವೆ. ಡೆಮ್ಲೋ, ಹರ್ಷದ, ಕಾಪ್ರೇಕರ್ ಎಂಬ ಮೂರು ದಾರಿಗಳೂ ಈ ಒಂದೇ ಸಂಖ್ಯೆಯ ಬಳಿಯಲ್ಲಿ ಬಂದು ಕೂಡಿದಂತಾಯಿತು. ಇವಲ್ಲದೆ, ಬೇರೆ ಯಾವ ಸಂಖ್ಯೆಗೆ ಅದರ ಅಂಕಗಳ ಮೊತ್ತವನ್ನು ಸೇರಿಸಿದರೂ ಹುಟ್ಟದಿರುವ ೨೦, ೩೧, ೪೨ ಮೊದಲಾದ ಸ್ವಯಂಭೂ ಸಂಖ್ಯೆಗಳನ್ನೂ ಅವರು ಗುರುತಿಸಿದರು. ಅವಕ್ಕೆ ದೇವಳಾಲಿ ಸಂಖ್ಯೆಗಳೆಂಬ ಹೆಸರೂ ಉಂಟು. ತಾವು ನಿಂತ ನೆಲದ ಹೆಸರನ್ನು ಗಣಿತದಲ್ಲಿ ಉಳಿಸಿದ ಈ ಮಾಸ್ತರರು ತಮ್ಮ ಊರುಗಳಿಗೆ ಸಲ್ಲಿಸಿದ ಋಣವು ಅಪೂರ್ವವಾದುದು.

ಆದರೆ ಬಾಳು ಅವರಿಗೆ ಮೆತ್ತಗಿರಲಿಲ್ಲ. ದೇಶದ ಗಣಿತಜ್ಞರಲ್ಲಿ ಅನೇಕರು ಅವರ ಕೆಲಸವನ್ನು ಕ್ಷುಲ್ಲಕವೆಂದು ನಕ್ಕರು. ದೊಡ್ಡ ಪತ್ರಿಕೆಗಳ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲ. ಸಣ್ಣ ಪತ್ರಿಕೆಗಳಲ್ಲಿ ಕೆಲವನ್ನು ಪ್ರಕಟಿಸಿದರು. ಉಳಿದವನ್ನು ದೇವಳಾಲಿಯಿಂದ ತಾವೇ ಚಿಕ್ಕ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿದರು.

ನಕ್ಕವರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. ಏರಿಳಿತವೂ ಅಂಕಗಳ ಮೊತ್ತವೂ ಸಂಖ್ಯೆಯ ಸ್ವಂತ ಗುಣಗಳಲ್ಲ. ನಾವು ಹತ್ತನ್ನು ಆಧಾರವಾಗಿಟ್ಟುಕೊಂಡು ಬರೆಯುವುದರಿಂದ ತೋರುವ ಗುಣಗಳು ಎಂಬುದು ಅವರ ಆಕ್ಷೇಪಣೆ. ಅದು ನಿಜವೇ. ಮನುಷ್ಯನಿಗೆ ಹನ್ನೆರಡು ಬೆರಳುಗಳಿದ್ದು, ಹನ್ನೆರಡನ್ನೇ ಆಧಾರವಾಗಿಟ್ಟು ನಾವು ಬರೆಯುತ್ತಿದ್ದರೆ, ಈ ಮೆಟ್ಟಿಲುಗಳು ಒಂಬತ್ತರಲ್ಲಿ ನಿಲ್ಲದೆ ಹನ್ನೊಂದರವರೆಗೆ ಏರುತ್ತಿದ್ದುವು. ನಮ್ಮ ಸಂಖ್ಯೆಯು ಒಂದು ವರ್ಗವೆಂಬುದೂ, ೩, ೩೭, ೩೩೩೬೬೭ ಎಂಬ ಅವಿಭಾಜ್ಯ ಸಂಖ್ಯೆಗಳಿಂದಲೇ ಅದು ಕಟ್ಟಲ್ಪಟ್ಟಿದೆಯೆಂಬುದೂ ಮಾತ್ರ ಹೇಗೆ ಬರೆದರೂ ಅಳಿಯದ ಸತ್ಯಗಳು. ಬರಹದ ಗುಣವಾವುದು, ಸಂಖ್ಯೆಯ ಗುಣವಾವುದು ಎಂದು ಬೇರ್ಪಡಿಸುವುದನ್ನು ಕಲಿಯುವುದೇ ಒಂದು ದೊಡ್ಡ ವಿದ್ಯೆ.

ಆದಾಗ್ಯೂ ಕಾಪ್ರೇಕರರ ಕೆಲಸವು ಕ್ಷುಲ್ಲಕವೆನ್ನಲು ನಮಗೆ ಮನಸ್ಸೊಪ್ಪದು. ಬರಿಯ ಒಂದುಗಳಿಂದಾದ ಸಂಖ್ಯೆಗಳನ್ನೇ ನೋಡಿರಿ. ಅವುಗಳಲ್ಲಿ ೧೧ ಅವಿಭಾಜ್ಯ, ಆಮೇಲೆ ಹತ್ತೊಂಬತ್ತು ಒಂದುಗಳಿರುವುದು ಅವಿಭಾಜ್ಯ, ಆಮೇಲೆ ಇಪ್ಪತ್ತಮೂರು, ಅನಂತರ ೩೧೭, ಅದರಾಚೆ ೧೦೩೧. ಹೀಗೆ ಎಷ್ಟು ದೂರ ಹೋದರೂ ಹೊಸ ಅವಿಭಾಜ್ಯಗಳು ಸಿಗುತ್ತಲೇ ಇರುತ್ತವೆಯೆ, ಎಲ್ಲಿಯೋ ಮುಗಿದುಹೋಗುತ್ತವೆಯೆ ಎಂಬುದನ್ನು ಜಗತ್ತಿನ ಯಾವ ಗಣಿತಜ್ಞನೂ ಇನ್ನೂ ಸಾಧಿಸಿಲ್ಲ. ಮಕ್ಕಳ ಆಟದಂತೆ ತೋರುವ ದಾರಿಯು ಇಂತಹ ಗಹನವಾದ ಪ್ರಶ್ನೆಗಳ ಬಾಗಿಲಿಗೆ ಒಯ್ಯುತ್ತದೆ. ಆ ದಾರಿಯಲ್ಲಿ ನಡೆಯಲು ದೊಡ್ಡ ಪದವಿ ಬೇಡ, ಪ್ರಯೋಗಾಲಯ ಬೇಡ, ಹಣವೂ ಬೇಡ. ಕಾಗದ, ಪೆನ್ಸಿಲು, ತಾಳ್ಮೆ ಇದ್ದರೆ ಸಾಕು. ಶಾಲೆಯ ಮಕ್ಕಳಿಗೆ ಈ ಬಾಗಿಲನ್ನು ತೆರೆದು ತೋರಿಸಿದುದೇ ಕಾಪ್ರೇಕರರು ನಗುವವರಿಗೆ ಕೊಟ್ಟ ಉತ್ತರವೆಂದು ನಾವು ಭಾವಿಸುತ್ತೇವೆ.

೧೯೬೬ರಲ್ಲಿ ಅವರ ಪತ್ನಿಯು ತೀರಿಕೊಂಡರು. ನಿವೃತ್ತಿವೇತನವು ಜೀವನಕ್ಕೆ ಸಾಲುತ್ತಿರಲಿಲ್ಲ. ವೃದ್ಧಾಪ್ಯದಲ್ಲಿಯೂ ಮಕ್ಕಳಿಗೆ ಗಣಿತ ವಿಜ್ಞಾನಗಳ ಮನೆಪಾಠ ಹೇಳಿ ಹೊಟ್ಟೆ ಹೊರೆಯಬೇಕಾಯಿತು. ಹೀಗಿರಲು ೧೯೭೫ರ ಮಾರ್ಚ್ ತಿಂಗಳಲ್ಲಿ ಅಮೆರಿಕೆಯ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡನರ್ ಎಂಬ ಪ್ರಖ್ಯಾತ ಲೇಖಕರು ಕಾಪ್ರೇಕರರ ಕೆಲಸವನ್ನು ಕುರಿತು ಬರೆದರು. ದೇವಳಾಲಿಯ ಬಡ ಮಾಸ್ತರರ ಹೆಸರು ಜಗತ್ತಿನ ನಾನಾ ದೇಶಗಳಿಗೆ ಮುಟ್ಟಿತು. ಆಗ ಅವರಿಗೆ ಎಪ್ಪತ್ತು ವರ್ಷ. ಕೀರ್ತಿಯು ಬಂದುದು ತಡವಾಗಿ. ಆದರೆ ಅದಕ್ಕಾಗಿ ಅವರು ಕಾದು ಕುಳಿತವರಲ್ಲ. ಅದು ಬಾರದ ನಲವತ್ತು ಐವತ್ತು ವರ್ಷಗಳಲ್ಲಿಯೂ ಅವರು ಬಿಡದೆ ಲೆಕ್ಕ ಮಾಡುತ್ತಲೇ ಇದ್ದರು. ೧೯೮೬ರಲ್ಲಿ ಅವರು ಈ ಲೋಕವನ್ನು ಬಿಟ್ಟರು.

ವಿದ್ಯಾರ್ಥಿ ಮಿತ್ರರೆ, ಮಹಾಪುರುಷರ ಚರಿತ್ರೆಗಳನ್ನು ಓದುವಾಗ ಅವರೆಲ್ಲರೂ ದೂರದ ದೇಶದವರು, ದೊಡ್ಡ ಮನೆತನದವರು, ನಮಗೆ ನಿಲುಕದವರು ಎಂದು ತೋರುವುದುಂಟು. ಕಾಪ್ರೇಕರರು ಹಾಗಲ್ಲ. ಅವರು ಓದಿದ ಠಾಣೆಯು ನಮ್ಮ ಖಾಡಿಯ ಆಚೆಯ ದಂಡೆಯಲ್ಲಿದೆ. ಅವರಿಗೆ ವಿಚಾರ ಹೊಳೆದ ನಿಲ್ದಾಣವು ನಮ್ಮ ದಾರಿಯಲ್ಲಿಯೇ ಇದೆ. ಅವರ ಮನೆಯಲ್ಲಿ ಸಿರಿಯಿರಲಿಲ್ಲ. ತಾಯಿಯ ಆರೈಕೆಯೂ ಬಹುಕಾಲ ದೊರೆಯಲಿಲ್ಲ. ಇದ್ದುದು ಪ್ರಶ್ನೆ ಕೇಳುವ ಬುದ್ಧಿ, ಉತ್ತರ ದೊರೆಯುವವರೆಗೆ ಬಿಡದ ಹಟ. ಇವೆರಡನ್ನೂ ನಮ್ಮಲ್ಲಿ ಯಾರಾದರೂ ಬೆಳೆಸಿಕೊಳ್ಳಬಹುದು.

ಆದುದರಿಂದ ಈ ಲೇಖನವನ್ನು ಓದಿ ಪಕ್ಕಕ್ಕಿಡುವುದರಲ್ಲಿ ಸಾರ್ಥಕ್ಯವಿಲ್ಲ. ಹನ್ನೊಂದು ಒಂದುಗಳನ್ನು ಬರೆಯಿರಿ. ಅದನ್ನು ಅದರಿಂದಲೇ ಗುಣಿಸಿರಿ. ಯಂತ್ರದ ಸಹಾಯ ಬೇಡ. ಸಾಲು ಸಾಲಾಗಿ ಕೈಯಿಂದಲೇ ಬರೆದು ಕೂಡಿಸಿರಿ. ದಶಕಗಳು ಎಲ್ಲೆಲ್ಲಿ ಹುಟ್ಟಿದವು, ಎಷ್ಟು ಹುಟ್ಟಿದವು, ಅಂಕಗಳ ಮೊತ್ತವು ೧೨೧ರಿಂದ ಎಷ್ಟು ಕೆಳಗಿಳಿಯಿತು ಎಂಬುದನ್ನು ನೋಡಿರಿ. ದಶಕಕ್ಕೆ ಒಂಬತ್ತರಂತೆ ಲೆಕ್ಕ ಹೊಂದುತ್ತದೆಯೆ ಎಂದು ತಾಳೆ ಹಾಕಿರಿ. ಹೊಂದಿದ ಕ್ಷಣದಲ್ಲಿ ನಿಮ್ಮ ಮನಸ್ಸಿಗೆ ಆಗುವ ಸಂತೋಷವಿದೆಯಲ್ಲ, ಅದನ್ನೇ ಕಾಪ್ರೇಕರರು ಹರ್ಷದ ಎಂಬ ಹೆಸರಿನಲ್ಲಿ ನಮಗಾಗಿ ಇಟ್ಟುಹೋದರು. ಅದನ್ನು ಪಡೆದುಕೊಳ್ಳುವುದೇ ಆ ಮಾಸ್ತರರಿಗೆ ನಾವು ಸಲ್ಲಿಸಬಹುದಾದ ಗುರುದಕ್ಷಿಣೆ.